ಶಂಕೆ ಮತ್ತು ವಿಚಾರಣೆ

1967ರ ಮೇ 23ರಂದು ಆರ್ಕ್ಟಿಕ್ ಸೀಮೆಯತ್ತ ಕಾವಲಿದ್ದ ಅಮೆರಿಕದ ಮೂರು ಕ್ಷಿಪಣಿ-ಎಚ್ಚರಿಕೆ ರಡಾರುಗಳು ಒಮ್ಮೆಗೇ ಕೆಟ್ಟವು. ರಷ್ಯದ ಕೈವಾಡವೆಂದು ಬಗೆದ ಸೇನೆ ವಿಮಾನಗಳನ್ನು ಸಜ್ಜುಗೊಳಿಸತೊಡಗಿತು. ಅಷ್ಟರಲ್ಲಿ ಸೇನೆಯ ಸೂರ್ಯವೀಕ್ಷಕರು, ಇದು ಸೌರಜ್ವಾಲೆಯ ರೇಡಿಯೋ ಅಲೆಗಳ ಹಾವಳಿಯೆಂದು ತಿಳಿಸಿದರು. ಅನಾಹುತ ತಪ್ಪಿತು.

ಶತ್ರು ಬಾಗಿಲಿಗೆ ಬಂದಾಗ ವಿಚಾರಣೆಗೆ ವೇಳೆಯೆಲ್ಲಿ ಎನ್ನಬಹುದು. ಸರಿಯೇ. ಆದ್ದರಿಂದಲೇ ವಿಚಾರಿಸುವ ಏರ್ಪಾಡು ಶಂಕೆಗಿಂತ ಮೊದಲೇ ಇರಬೇಕು. ಬ್ಯಾಂಕಿನಲ್ಲಿ ನಾವು ಖಾತೆ ತೆರೆದ ದಿನವೇ ಮಾದರಿ ಸಹಿ ಪಡೆಯುತ್ತೇವೆ. ಮುಂದೆ ಚೆಕ್ಕಿನ ಮೇಲೆ ಅನುಮಾನ ಬಂದರೆ ಅದರೊಡನೆ ಹೋಲಿಸಿ ನೋಡುತ್ತೇವೆ, ಗಿರಾಕಿಯನ್ನು ಕಳ್ಳನೆನ್ನುವುದಿಲ್ಲ. 2023ರಲ್ಲಿ ನಮ್ಮ ದೇಶ ಹಾರಿಸಿದ ಆದಿತ್ಯ-ಎಲ್1 ಸಹ ಸೂರ್ಯನ ಇಂಥದೇ ಲೆಕ್ಕ ಇಡುತ್ತದೆ.

ಅಕ್ಕಲಕೋಟದಂಥ ಗಡಿಯೂರಿನಲ್ಲಿ ಬಾಳುವ ನಮಗೆ ಇದು ಹೊಸ ಮಾತಲ್ಲ. ನೆರೆಯವನ ಭಾಷೆಯನ್ನು ಜಗಳಕ್ಕೆ ಮುಂಚೆಯೇ ಕಲಿತಿರಬೇಕು.