ಇಂದಿನ ಚಿಂತನೆ: ಆರಿಸಿದ ಅಕ್ಕಿ



ಇಂದು ಆಷಾಢ ಹುಣ್ಣಿಮೆ. ನಾಳೆಯಿಂದ ಭಿಕ್ಖುಗಳ ವರ್ಷಾವಾಸ ಶುರು. ಮಳೆಗಾಲದ ಮೂರು ತಿಂಗಳು ಊರೂರು ತಿರುಗದೆ ಒಂದೇ ಕಡೆ ನೆಲೆ ನಿಲ್ಲುವ ಕಾಲ. ಈ ದಿನ ಬಂದಾಗಲೆಲ್ಲ ನನಗೆ 2020ರ ಲಾಕ್‌ಡೌನ್ ನೆನಪಾಗುತ್ತದೆ. ಆಗ ನಾವೆಲ್ಲರೂ ಒಂದೇ ಕಡೆ ನಿಂತಿದ್ದೆವು. ನಿಂತು ಏನು ಮಾಡಿದೆವು ಎಂಬುದನ್ನು ಇಂದು ಸ್ವಲ್ಪ ಯೋಚಿಸೋಣ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನನ್ನ ಮನೆಯದನ್ನೇ ಹೇಳುತ್ತೇನೆ.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಟಿ.ವಿ.ಯಲ್ಲಿ ಘೋಷಣೆ ಬಂತು. ಮಧ್ಯರಾತ್ರಿಯಿಂದ 21 ದಿನ ಯಾರೂ ಹೊರಗೆ ಬರುವಂತಿಲ್ಲ. ಮೂರು ದಿನ ಕಳೆದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗಬೇಕಿತ್ತು. ಅದೂ ಮುಂದಕ್ಕೆ ಹೋಯಿತು. ಇಪ್ಪತ್ತು ವರ್ಷದಿಂದ ಬೆಲ್ಲಿಗೆ ಎದ್ದು ಬೆಲ್ಲಿಗೆ ಕೂತ ಮೇಷ್ಟರಿಗೆ ಬೆಲ್ಲೇ ಇಲ್ಲದ ದಿನ ಎಂದರೆ ಹೇಗಿರುತ್ತದೆ ನೋಡಿ. ಎರಡನೇ ದಿನವೇ ಒಂದು ಡ್ರಾಯಿಂಗ್ ಶೀಟ್ ತೆಗೆದು, ಕೆಂಪು ನೀಲಿ ಇಂಕಿನಲ್ಲಿ ಗೆರೆ ಎಳೆದು, ಮನೆಗೊಂದು ಟೈಮ್‌ಟೇಬಲ್ ಬರೆದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಬೆಳಿಗ್ಗೆ ಐದೂವರೆಗೆ ಆನಾಪಾನ. ಆಮೇಲೆ ಗಿಡಗಳಿಗೆ ನೀರು. ಒಂಬತ್ತರಿಂದ ಹನ್ನೊಂದು ಮಗಳಿಗೆ ಪಾಠ. ಮಧ್ಯಾಹ್ನ ಪುಸ್ತಕದ ಕಪಾಟು. ನಾಲ್ಕಕ್ಕೆ ಚೌಕಾಬಾರ. ಎಲ್ಲರಿಗೂ ಒಂದೊಂದು ಕಾಲಂ ಇತ್ತು. ನನ್ನ ಮನೆಯವರು ಅದನ್ನು ನೋಡಿ, “ರೀ, ನಿಮಗೆಲ್ಲ ಲೀಜರ್ ಪೀರಿಯಡ್ ಇದೆ. ನನ್ನ ಕಾಲಂನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಅಡಿಗೆ ಅಂತಲೇ ಇದೆಯಲ್ಲ” ಎಂದರು. ಎಲ್ಲರೂ ನಕ್ಕೆವು. ನಕ್ಕು ಹಾಗೇ ಬಿಟ್ಟೆವು.

ಅವ್ವನ ಕಾಲಂನಲ್ಲಿ ಹೀಗಿತ್ತು: ಸೊಪ್ಪು ಸೋಸುವುದು, ಮೊಮ್ಮಗಳಿಗೆ ಕತೆ ಹೇಳುವುದು, ಸಂಡಿಗೆ ಕಾಯುವುದು.

ನಮ್ಮದು ಕೊಳ್ಳೇಗಾಲ. ಆಗ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಕೊರೊನಾ ಇನ್ನೂ ಕಾಲಿಟ್ಟಿರಲಿಲ್ಲ. ಪಕ್ಕದ ಮೈಸೂರು ಜಿಲ್ಲೆಯಲ್ಲಿ ದಿನದಿನವೂ ಏರುತ್ತಿತ್ತು. ನಡುವೆ ಚೆಕ್‌ಪೋಸ್ಟ್. ಏಪ್ರಿಲ್ ಎರಡನೇ ವಾರ ಒಂದು ಬೆಳಿಗ್ಗೆ ನರಸೀಪುರದ ಕಡೆಯಿಂದ ಫೋನ್ ಬಂತು. ಅವ್ವನ ತಂಗಿ, ನಮ್ಮ ಚಿಕ್ಕವ್ವ, ರಾತ್ರಿ ಮಲಗಿದವರು ಏಳಲಿಲ್ಲ. ಕೊರೊನಾ ಅಲ್ಲ, ಎದೆನೋವು. ಸಂಜೆಯೊಳಗೆ ಮಣ್ಣು ಮಾಡುತ್ತಾರಂತೆ.

ನಾನು ಪಿಯುಸಿ ಓದುವಾಗ ಎರಡು ವರ್ಷ ಚಿಕ್ಕವ್ವನ ಮನೆಯಲ್ಲಿದ್ದೆ. ಅವರ ಕೈಯ ಮುದ್ದೆ ತಿಂದು ಕಾಲೇಜಿಗೆ ಹೋದವನು.

ಅವ್ವ ಕೇಳಿದ್ದು ಒಂದೇ ಮಾತು: “ಹೋಗಕಾದದಾ ಮಗ?”

“ಪಾಸ್ ಸಿಗಲ್ಲ ಕಣವ್ವ” ಎಂದೆ.

ಬಂಧುಗಳೇ, ನಾನು ಆ ಮಾತನ್ನು ಯಾರನ್ನೂ ಕೇಳಿ ಹೇಳಲಿಲ್ಲ. ಅಂತ್ಯಕ್ರಿಯೆಗೆ 20 ಜನರವರೆಗೆ ಸೇರಬಹುದು ಎಂಬ ನಿಯಮವನ್ನು ಪೇಪರಿನಲ್ಲಿ ಓದಿದ್ದೆ. ನಮ್ಮ ಎದುರುಮನೆಯವರು ಅದೇ ವಾರ ಇಂಥದೇ ಕಾರಣಕ್ಕೆ ಪಾಸ್ ಮಾಡಿಸಿಕೊಂಡು ಹೋಗಿ ಬಂದಿದ್ದರು. ಬೈಕಿನಲ್ಲಿ ಒಂದು ಗಂಟೆಯ ದಾರಿ. ಆದರೆ ನನಗೆ ಭಯವಿತ್ತು. ಚೆಕ್‌ಪೋಸ್ಟಿನ ಲಾಠಿಯ ಭಯ, ಆ ಜಿಲ್ಲೆಗೆ ಹೋಗಿ ಬಂದರೆ ಬೀದಿಯವರು ಏನೆನ್ನುತ್ತಾರೋ ಎಂಬ ಭಯ, ವಯಸ್ಸಾದ ಅವ್ವನಿಗೆ ಏನಾದರೂ ಅಂಟಿದರೆ ಎಂಬ ಭಯ. ಕೊನೆಯದು ನ್ಯಾಯವಾದ ಭಯವೇ. ಆದರೆ ಅದನ್ನು ಅವ್ವನ ಮುಂದಿಟ್ಟು, “ಹೀಗಿದೆ ಅವ್ವ, ಏನು ಮಾಡೋಣ?” ಎಂದು ಕೇಳಬಹುದಿತ್ತು. ಅದರ ಬದಲು ಒಂದು ಸುಳ್ಳನ್ನು ನಿಯಮದ ಹೆಸರಿನಲ್ಲಿ ಹೇಳಿದೆ.

ಮಾರನೆಯ ದಿನದಿಂದ ಅವ್ವನ ಕಾಲಂ ತುಂಬಿಸತೊಡಗಿದೆ. ಅವ್ವ ಜಗಲಿಯಲ್ಲಿ ಸುಮ್ಮನೆ ಕೂತಿದ್ದು ಕಂಡರೆ ಸಾಕು, “ಅವ್ವ, ಹುಣಸೆಹಣ್ಣು ಬಿಡಿಸು”, “ಅವ್ವ, ಮಗೂಗೆ ಒಗಟು ಹೇಳು”, “ಅವ್ವ, ಹಳೇ ಸೀರೇಲಿ ಕೌದಿ ಹೊಲಿಯೋಣ ಬಾ.” ಸುಮ್ಮನೆ ಕೂತರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಕೆಲಸದಲ್ಲಿದ್ದರೆ ಮರೆಯುತ್ತಾರೆ ಎಂದು ನನ್ನ ಲೆಕ್ಕ. ಲಾಕ್‌ಡೌನ್ 21 ದಿನಕ್ಕೆ ಮುಗಿಯಲಿಲ್ಲ. ಮೇ 3 ಎಂದರು, ಮೇ 17 ಎಂದರು. ನನ್ನ ಟೈಮ್‌ಟೇಬಲ್ಲೂ ಎರಡನೇ ಶೀಟಿಗೆ ಬಂತು. ಕಪಾಟಿನ ಪುಸ್ತಕಗಳನ್ನು ಮೊದಲು ಲೇಖಕರ ಪ್ರಕಾರ ಜೋಡಿಸಿದೆ, ಆಮೇಲೆ ಪ್ರಕಾರದ ಪ್ರಕಾರ. ಸ್ಟೇಟಸ್ಸಿಗೆ ಫೋಟೊ ಹಾಕಿದೆ. “ಸರ್, ನಿಮ್ಮನ್ನು ನೋಡಿ ಕಲೀಬೇಕು” ಎಂದು ಹಳೆಯ ವಿದ್ಯಾರ್ಥಿಗಳು ಬರೆದರು. ಹಿಗ್ಗಿದೆ.

ಮೇ ತಿಂಗಳ ಒಂದು ಮಧ್ಯಾಹ್ನ. ಅವ್ವ ಹಿತ್ತಿಲ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅಕ್ಕಿಯಲ್ಲಿ ಒಂದು ನೆಲ್ಲಿಲ್ಲ, ಒಂದು ಕಲ್ಲಿಲ್ಲ.

“ಅವ್ವ, ಇದು ನೆನ್ನೆ ಆರಿಸಿದ ಅಕ್ಕಿ ಅಲ್ವಾ?”

“ಹ್ಞೂ ಕನಪ್ಪ. ಮೊನ್ನೇನೂ ಆರಿಸ್ದೆ.”

“ಮತ್ಯಾಕೆ?”

ಅವ್ವ ತಲೆ ಎತ್ತದೆ ಹೇಳಿದರು: “ಸುಮ್ನೆ ಕೂತಿದ್ರೆ ನೀನು ಬಂದು ಇನ್ನೊಂದು ಕೆಲ್ಸ ಹೇಳ್ತೀಯಲ್ಲ. ತೊಡೆ ಮೇಲೆ ಮೊರ ಇದ್ರೆ ಯಾರೂ ಏನೂ ಅನ್ನಲ್ಲ. ನನ್ ತಂಗೀನ ನೆನಿಸ್ಕೊಂಡು ಒಂದ್ ಗಳಿಗೆ ಕೂತ್ಕತೀನಿ.”

ವರ್ಷಗಳು ಕಳೆದರೂ ಈ ಮಾತು ನನ್ನನ್ನು ಬಿಟ್ಟಿಲ್ಲ. ಎಪ್ಪತ್ತು ದಾಟಿದ ಹೆಂಗಸು ತನ್ನ ತಂಗಿಗಾಗಿ ಅಳಲು ಮಗನ ಕಣ್ಣು ತಪ್ಪಿಸಬೇಕಾಯಿತು. ಆರಿಸಿದ ಅಕ್ಕಿಯನ್ನೇ ಆರಿಸುವ ನಾಟಕ ಆಡಬೇಕಾಯಿತು. ಆ ಗತಿ ತಂದವನು ನಾನು, ಅದೂ ಅವರ ಒಳ್ಳೆಯದಕ್ಕೆಂದು ಹೇಳಿಕೊಂಡು.

ಇಲ್ಲಿ ನಮ್ಮ ಪ್ರಶ್ನೆ ಬರುತ್ತದೆ. ಕೈತುಂಬ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯ ಗುಣವೇ?

ಮೊದಲೇ ಒಂದು ಮಾತು. ಹೊತ್ತು ಕಳೆಯುವುದು ಹೇಗೆ ಎಂಬುದೇ ಆ ದಿನಗಳಲ್ಲಿ ಉಳ್ಳವರ ಚಿಂತೆ. ಊರಿಗೆ ನಡೆದು ಹೊರಟ ಕೂಲಿಯವರಿಗೆ, ಬೆಳಗಾದರೆ ಬೀದಿ ಗುಡಿಸಲು ಬರುತ್ತಿದ್ದ ಪೌರಕಾರ್ಮಿಕರಿಗೆ ಆ ಚಿಂತೆ ಇರಲಿಲ್ಲ. ನಮ್ಮ ಅಡಿಗೆಮನೆಯಲ್ಲಿದ್ದವರಿಗೂ ಇರಲಿಲ್ಲ. ಅವರ ದುಡಿಮೆಯನ್ನು ನಾನಿಲ್ಲಿ ಪ್ರಶ್ನಿಸುತ್ತಿಲ್ಲ. ನಾನು ಕೇಳುತ್ತಿರುವುದು ನನ್ನಂಥವರು ಹುಡುಕಿ ಹುಡುಕಿ ಮಾಡಿಕೊಂಡ ಕೆಲಸದ ಬಗ್ಗೆ.

ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳನ್ನು ನಮ್ಮ ಬಳಗದಲ್ಲಿ ಎಷ್ಟೋ ಸಲ ಓದಿದ್ದೇವೆ. ಅದರಲ್ಲಿ ಥೀನ-ಮಿದ್ಧ ಒಂದು: ಜಡತೆ, ತೂಕಡಿಕೆ. ಸೋಮಾರಿಯನ್ನು ಎಲ್ಲರೂ ಬೈಯುತ್ತಾರೆ, ಹಾಗಾಗಿ ಅದು ನಮಗೆ ಬೇಗ ಕಾಣುತ್ತದೆ. ಅದರ ಪಕ್ಕದಲ್ಲೇ ಉದ್ಧಚ್ಚ-ಕುಕ್ಕುಚ್ಚ ಇದೆ. ಉದ್ಧಚ್ಚ ಎಂದರೆ ಒಂದೆಡೆ ನಿಲ್ಲಲಾರದ ಚಡಪಡಿಕೆ. ಕುಕ್ಕುಚ್ಚ ಎಂದರೆ ಮಾಡಬಾರದ್ದನ್ನು ಮಾಡಿದ, ಮಾಡಬೇಕಾದ್ದನ್ನು ಮಾಡದ ಕೊರಗು. ಈ ಎರಡನ್ನು ಯಾಕೆ ಒಟ್ಟಿಗೆ ಸೇರಿಸಿ ಒಂದೇ ಎಂದು ಎಣಿಸಿದರು? ಮೊದಲು ನನಗೆ ಅರ್ಥವಾಗಿರಲಿಲ್ಲ. ಅವ್ವನ ಮೊರದ ಮುಂದೆ ನಿಂತಾಗ ಅರ್ಥವಾಯಿತು. ಒಳಗೆ ಕೊರಗಿತ್ತು, ಅದಕ್ಕೇ ಹೊರಗೆ ಚಡಪಡಿಕೆ. ಸುಮ್ಮನೆ ಕೂತ ಅವ್ವ ನನಗೆ ‘ಪಾಸ್ ಕೇಳದೇ ಹೋದವನು ನೀನು’ ಎಂದು ಹೇಳುತ್ತಿದ್ದಂತೆ ಕಾಣುತ್ತಿದ್ದರು. ಅವರ ಕೈಗೆ ಕೆಲಸ ಕೊಟ್ಟರೆ ಆ ಮಾತು ನಿಲ್ಲುತ್ತಿತ್ತು. ನನ್ನ ನೆಮ್ಮದಿಗೆ ಅವರನ್ನು ದುಡಿಸಿಕೊಂಡೆ.

ನಿಮ್ಮಲ್ಲಿ ಯಾರಾದರೂ ಕೇಳಬಹುದು: “ಮೇಷ್ಟ್ರೇ, ಕಿಸಾಗೋತಮಿಗೆ ಬುದ್ಧರೂ ಒಂದು ಕೆಲಸ ಕೊಟ್ಟರಲ್ಲ? ಸತ್ತ ಮಗುವನ್ನು ಹೊತ್ತು ಬಂದ ತಾಯಿಗೆ ಸಾಸಿವೆ ತಾ ಎಂದು ಕಳಿಸಿದರಲ್ಲ?”

ನಿಜ. ದುಃಖಕ್ಕೆ ಕೆಲಸವೂ ಒಂದು ಔಷಧಿಯೇ. ಆದರೆ ಆ ಕೆಲಸ ಆಕೆಯನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ನೋಡಿ. ಒಂದೊಂದು ಮನೆಯ ಹೊಸ್ತಿಲಲ್ಲಿ ನಿಂತು, “ನಿಮ್ಮಲ್ಲಿ ಯಾರಾದರೂ ತೀರಿಕೊಂಡಿದ್ದಾರಾ?” ಎಂದು ಬಾಯಿಬಿಟ್ಟು ಕೇಳಬೇಕಿತ್ತು. ಅವರ ಮನೆಯ ಸಾವನ್ನು ಕೇಳಿಸಿಕೊಳ್ಳಬೇಕಿತ್ತು. ಯಾವ ಸಾವನ್ನು ಆಕೆ ಒಪ್ಪಿರಲಿಲ್ಲವೋ ಅದರ ಎದುರಿಗೇ ಆ ಕೆಲಸ ಆಕೆಯನ್ನು ತಂದು ನಿಲ್ಲಿಸಿತು. ನಾನು ಅವ್ವನಿಗೆ ಕೊಟ್ಟ ಹುಣಸೆಹಣ್ಣು ಅವರನ್ನು ತಂಗಿಯಿಂದ ದೂರ ಎಳೆಯುತ್ತಿತ್ತು. ಅವ್ವ ತಾವಾಗಿ ಹಿಡಿದ ಮೊರ ತಂಗಿಯ ಹತ್ತಿರ ಕರೆದೊಯ್ಯುತ್ತಿತ್ತು. ಹೊರಗಿನಿಂದ ನೋಡಿದರೆ ಎರಡೂ ಕೈಕೆಲಸವೇ. ಹಾಗಾಗಿ ಕೈಯನ್ನು ನೋಡಿ ತೀರ್ಮಾನಿಸುವಂತಿಲ್ಲ. ಈ ಕೆಲಸ ನನ್ನನ್ನು ಯಾವುದರ ಹತ್ತಿರ ಒಯ್ಯುತ್ತಿದೆ, ಯಾವುದರಿಂದ ದೂರ ಒಯ್ಯುತ್ತಿದೆ ಎಂದು ಕೇಳಿಕೊಳ್ಳಬೇಕು.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು ಒಟ್ಟಿಗೆ ವರ್ಷಾವಾಸಕ್ಕೆ ಕೂತರು. ಜಗಳವಿಲ್ಲದೆ ಸುಖವಾಗಿರುವುದು ಹೇಗೆ ಎಂದು ಯೋಚಿಸಿ, ಒಬ್ಬರೊಡನೊಬ್ಬರು ಮಾತೇ ಆಡುವುದು ಬೇಡ ಎಂದು ಕಟ್ಟು ಮಾಡಿಕೊಂಡರು. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿ ಕಾಲಿಗೆ ನೀರಿಡುವುದು. ಕೊನೆಗೆ ಬಂದವರು ಪಾತ್ರೆ ತೊಳೆದು ಗುಡಿಸುವುದು. ಕೊಡ ಬರಿದಾಗಿದ್ದರೆ ಕಂಡವರು ತುಂಬುವುದು. ಭಾರವಾದರೆ ಕೈಸನ್ನೆಯಲ್ಲಿ ಇನ್ನೊಬ್ಬರನ್ನು ಕರೆಯುವುದು. ಎಷ್ಟು ಅಚ್ಚುಕಟ್ಟಾದ ಟೈಮ್‌ಟೇಬಲ್! ಮೂರು ತಿಂಗಳು ಮುಗಿಸಿ ಶ್ರಾವಸ್ತಿಗೆ ಬಂದು, ಸುಖವಾಗಿ ಕಳೆದೆವು ಎಂದು ಬುದ್ಧರ ಮುಂದೆ ಹೇಳಿಕೊಂಡರು. ಬುದ್ಧರು ಮೆಚ್ಚಲಿಲ್ಲ. ಕುರಿಗಳು ಒಟ್ಟಿಗೆ ಇದ್ದಂತೆ ಇದ್ದು ಬಂದು ಸುಖವಾಗಿದ್ದೆವು ಎನ್ನುತ್ತೀರಲ್ಲ ಎಂದು ಗದರಿಸಿದರು. ಅಂದಿನಿಂದ ವರ್ಷಾವಾಸದ ಕೊನೆಗೆ ಪವಾರಣ ಬಂತು. ನನ್ನಲ್ಲಿ ಏನಾದರೂ ತಪ್ಪನ್ನು ನೀವು ಕಂಡಿದ್ದರೆ, ಕೇಳಿದ್ದರೆ, ಸಂಶಯಪಟ್ಟಿದ್ದರೆ ಹೇಳಿ ಎಂದು ಪ್ರತಿಯೊಬ್ಬರೂ ಸಂಘವನ್ನು ಬೇಡುವ ಕ್ರಮ.

ಅದೇ ಮಹಾವಗ್ಗದಲ್ಲಿ ಇನ್ನೊಂದು ಮಾತೂ ಇದೆ. ವರ್ಷಾವಾಸದಲ್ಲೂ ಏಳು ದಿನದ ಮಟ್ಟಿಗೆ ಹೊರಗೆ ಹೋಗಲು ದಾರಿಯಿತ್ತು. ತಾಯಿಗೋ ತಂದೆಗೋ ಕಾಯಿಲೆಯಾದರೆ ಕರೆ ಬರದಿದ್ದರೂ ಹೋಗಬಹುದು. ಅಣ್ಣತಮ್ಮ, ಅಕ್ಕತಂಗಿಯರು ಹೇಳಿಕಳಿಸಿದರೆ ಹೋಗಬಹುದು. ಅಷ್ಟು ಕಟ್ಟುನಿಟ್ಟಿನ ನಿಯಮದಲ್ಲೂ ಒಂದು ಬಾಗಿಲು ಇಟ್ಟಿದ್ದರು. ನಮ್ಮ ಕಾಲದ ನಿಯಮದಲ್ಲೂ ಅದು ಇತ್ತು. ಮುಚ್ಚಿದವನು ನಾನು.

ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಅವ್ವನ ಪಕ್ಕ ನೆಲದ ಮೇಲೆ ಕೂತೆ. ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, “ಅವ್ವ, ಅವತ್ತು ನಾನು ಪಾಸ್ ಕೇಳಲೇ ಇಲ್ಲ” ಎಂದೆ.

“ಗೊತ್ತಿತ್ತು ಕನಪ್ಪ” ಎಂದರು ಅವ್ವ. “ಎದುರುಮನೆಯೋರು ಹೋಗಿ ಬಂದ್ರಲ್ಲ.”

ಒಂದು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೇ ಹುಣಸೆಹಣ್ಣು ಬಿಡಿಸಿದ್ದರು, ಸಂಡಿಗೆ ಕಾದಿದ್ದರು.

ಕ್ಷಮಿಸಿದೆ ಎಂದು ಅವ್ವ ಹೇಳಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಶುರುಮಾಡಿದರು. ಅಕ್ಕತಂಗಿಯರಿಬ್ಬರಿಗೂ ಸೇರಿ ಒಂದೇ ಜೊತೆ ಚಪ್ಪಲಿ ಇದ್ದದ್ದು, ಕಳೆ ಕೀಳಲು ಹೋಗುವಾಗ ಅರ್ಧ ದಾರಿ ಇವರು, ಅರ್ಧ ದಾರಿ ಅವರು ಹಾಕಿಕೊಳ್ಳುತ್ತಿದ್ದದ್ದು. ನಾನೂ ಚಿಕ್ಕವ್ವನ ಮುದ್ದೆಯ ಕತೆ ಹೇಳಿದೆ. ಆವತ್ತು ನಾನು ಅತ್ತೆ. ಒಂದು ತಿಂಗಳ ಮೇಲೆ.

ನಾಲ್ಕು ಗಂಟೆಗೆ ಮಗಳು ಬಂದು, “ಅಪ್ಪಾ, ಚೌಕಾಬಾರ ಪೀರಿಯಡ್” ಎಂದಳು. ಇವತ್ತು ಇಲ್ಲ ಎಂದೆ. ಅವಳೂ ಬಂದು ಅಜ್ಜಿಯ ಮಗ್ಗುಲಿಗೆ ಕೂತಳು. ಒಳಗಿನಿಂದ ಕುಕ್ಕರ್ ಕೂಗಿತು. ಅವಳಮ್ಮ ಅಲ್ಲಿ ಒಬ್ಬರೇ ಇದ್ದಾರೆ ಎಂಬುದು ಆಗ ನೆನಪಾಯಿತು. ಎದ್ದು ಹೋಗಿ, “ಈ ಪೀರಿಯಡ್ ನಂದು, ನೀವು ಹೋಗಿ ಅವ್ವನ ಹತ್ರ ಕೂತ್ಕೊಳ್ಳಿ” ಎಂದೆ. ಫ್ರಿಜ್ಜಿನ ಮೇಲಿನ ಹಾಳೆಯನ್ನು ಹರಿಯಲಿಲ್ಲ. ಅವರ ಕಾಲಂನಿಂದ ಎರಡು ಅಡಿಗೆಯನ್ನು ಹೊಡೆದು ನನ್ನ ಕಾಲಂಗೆ ಬರೆದುಕೊಂಡೆ. ಅದು ಇಂದಿಗೂ ನನ್ನಲ್ಲೇ ಇದೆ.

ಜೂನ್‌ನಲ್ಲಿ ಅವ್ವನನ್ನು ಕರೆದುಕೊಂಡು ಹೋದೆ. ಚಿಕ್ಕವ್ವನನ್ನು ಮಣ್ಣು ಮಾಡಿದ ಜಾಗದಲ್ಲಿ ಮುಂಗಾರಿಗೆ ಹುಲ್ಲು ಬಂದಿತ್ತು. ಅವ್ವ ಒಂದು ಹಿಡಿ ಮಣ್ಣು ಹಾಕಿದರು. ತಡವಾದದ್ದು ತಡವಾದದ್ದೇ. ಅದನ್ನು ಈ ಬರಹವೂ ಸರಿಮಾಡುವುದಿಲ್ಲ.

ಬಂಧುಗಳೇ, ಈಗ ಲಾಕ್‌ಡೌನ್ ಇಲ್ಲ. ಆದರೆ ನಮ್ಮ ಕೈಗಳು ಆಗಿಗಿಂತ ಹೆಚ್ಚು ತುಂಬಿವೆ. ಈ ವರ್ಷಾವಾಸದ ಮೂರು ತಿಂಗಳಲ್ಲಿ ಒಂದು ಸಣ್ಣ ಅಭ್ಯಾಸ ಮಾಡೋಣ. ದಿನಕ್ಕೊಮ್ಮೆ, ಯಾವುದಾದರೂ ಕೆಲಸದ ನಡುವೆ ನಿಂತು ಕೇಳಿಕೊಳ್ಳೋಣ: ಇದನ್ನು ಮಾಡದೆ ಸುಮ್ಮನೆ ಕೂತರೆ ನನಗೆ ಯಾರ ಮುಖ ಕಾಣುತ್ತದೆ? ಯಾರ ಮುಖವೂ ಕಾಣದಿದ್ದರೆ ಸಂತೋಷ, ಕೆಲಸ ಮುಂದುವರಿಸೋಣ. ಕಂಡರೆ, ಎದ್ದು ಅವರ ಹತ್ತಿರ ಹೋಗೋಣ. ಮನೆಯಲ್ಲಿ ಯಾರಾದರೂ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಾರೆಯೇ ಎಂದೂ ಒಮ್ಮೆ ನೋಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.