ತಕ್ಕಡಿ ತೂಗುವುದು ಏನನ್ನು?

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2004ರಲ್ಲಿ ಶುರುವಾದ ‘ದಿ ಬಿಗ್ಗೆಸ್ಟ್ ಲೂಸರ್’ ರಿಯಾಲಿಟಿ ಷೋದ ನಿಯಮ ಸರಳವಾಗಿತ್ತು: ತಮ್ಮ ದೇಹತೂಕದಲ್ಲಿ ಹೆಚ್ಚು ಪಾಲನ್ನು ಇಳಿಸಿದವರು ಗೆದ್ದಂತೆ. ಆಗ ಬಹುಮಾನ 2,50,000 ಡಾಲರ್ ಆಗಿತ್ತು. (ಲೂಸರ್ ಎಂದರೆ ಕಳೆದುಕೊಂಡವರೂ ಹೌದು, ಸೋತವರೂ ಹೌದು, ಹೆಸರಿಟ್ಟವರಿಗೆ ಈ ಶ್ಲೇಷೆ ಗೊತ್ತಿದ್ದೇ ಇರಬೇಕು.) ಸ್ಪರ್ಧಿಗಳು ಬೆವರುತ್ತಿದ್ದರು, ಅಳುತ್ತಿದ್ದರು, ತರಬೇತುದಾರರಿಂದ ಬೈಸಿಕೊಳ್ಳುತ್ತಿದ್ದರು, ಕೊನೆಗೆ ದೊಡ್ಡ ತಕ್ಕಡಿಯ ಮೇಲೆ ನಿಲ್ಲುತ್ತಿದ್ದರು. ನನಗದು ಕಟಕಟೆಯಂತೆ ಕಾಣುತ್ತದೆ. ಅಲ್ಲಿ ತೂಗುವುದು ಮೈಯನ್ನೋ, ಮನುಷ್ಯನ ಯೋಗ್ಯತೆಯನ್ನೋ?

2009ರ ಆವೃತ್ತಿಯ 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಕೆವಿನ್ ಹಾಲ್ ಮತ್ತು ಸಂಗಡಿಗರು ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ 58 ಕಿಲೊ ಇಳಿಸಿದ್ದವರಿಗೆ 41 ಕಿಲೊ ಮರಳಿ ಬಂದಿತ್ತು. ಅದಕ್ಕಿಂತ ದೊಡ್ಡ ಸಂಗತಿ ಬೇರೆ: ಸುಮ್ಮನೆ ಕೂತಾಗಲೂ ಅವರ ದೇಹ ಆ ಗಾತ್ರಕ್ಕೆ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು.

‘ಅವರೇ ಒಪ್ಪಿ ಬಂದವರಲ್ಲವೇ?’ ಎಂದು ಕೇಳಬಹುದು. ಒಪ್ಪಿದ್ದರು, ನಿಜ. ಆದರೆ ಆರು ವರ್ಷ ಕಳೆದರೂ ದೇಹ ಹೀಗೆ ಬಿಗಿಹಿಡಿದಿರುತ್ತದೆ ಎಂಬುದು ಆಗ ಅವರಿಗೆ ಹೇಗೆ ತಿಳಿಯಬೇಕು? ಒಪ್ಪಿಗೆಗಿಂತ ನನ್ನನ್ನು ಕಾಡುವುದು ಚಪ್ಪಾಳೆ. ತೂಕ ಇಳಿದದ್ದು ಬರೀ ಛಲದಿಂದ ಎಂದು ಹೊಗಳಿದವರು, ಅದು ಮರಳಿದಾಗ ಸೋಮಾರಿತನ ಎನ್ನಲೇಬೇಕಾಗುತ್ತದೆ. ಅಷ್ಟೇ ತೂಕದ ಇನ್ನೊಬ್ಬರ ಪಕ್ಕ ಕೂತು, ಅವರಷ್ಟೇ ಉಂಡು, ಈ ಮಾಜಿ ಸ್ಪರ್ಧಿ ದಪ್ಪಗಾಗುತ್ತಾರೆ. ಆಗದಿರಬೇಕೆಂದರೆ ದಿನವೂ ಅರೆಹೊಟ್ಟೆಯಲ್ಲೇ ಊಟದಿಂದ ಏಳಬೇಕು. ಅದನ್ನು ತೋರಿಸಲು ಅಲ್ಲಿ ಕ್ಯಾಮೆರಾ ಇರುವುದಿಲ್ಲ.