ಇಂದಿನ ಧಮ್ಮ ಚಿಂತನೆ: ಬಂದು ನೋಡು

ಸಿಇಟಿ ಆಪ್ಷನ್ ಎಂಟ್ರಿಗೆ ಮೊದಲು ನಾಲ್ಕಾರು ಕಾಲೇಜು ನೋಡಿ ಬರೋಣ ಎಂದಳು ಮಗಳು. "ಯಾಕಮ್ಮ, ಮೇಷ್ಟ್ರು ಹೇಳಿದ್ದನ್ನೇ ಮೊದಲು ಹಾಕು" ಎಂದೆ. "ಅಪ್ಪ, ಕಾಲಾಮ ಸುತ್ತ ನೀನೇ ಓದಿಸಿದ್ದಲ್ವಾ?" ಎಂದಳು. ನಾಚಿಕೆಯಾಯಿತು.

ಯಾರೋ ಹೇಳಿದರೆಂದಾಗಲಿ, ನಮ್ಮ ಗುರುವೆಂದಾಗಲಿ ಒಪ್ಪಬೇಡಿ, ಸ್ವತಃ ತಿಳಿಯಿರಿ ಎಂದು ಭಗವಾನರು ಕೇಸಪುತ್ತದ ಕಾಲಾಮರಿಗೆ ಹೇಳಿದರು. ಧಮ್ಮವನ್ನೇ 'ಏಹಿಪಸ್ಸಿಕೋ', ಬಂದು ನೋಡು ಎನ್ನುವಂಥದ್ದು ಎಂದರು. ಇನ್ನು ಕಾಲೇಜು ಯಾವ ಲೆಕ್ಕ!

ರಾತ್ರಿ ಕೂತು ಪ್ರಶ್ನೆ ಬರೆದೆವು. ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ? ಹಾಸ್ಟೆಲ್‌ನಲ್ಲಿ ನೀರು? ಕೇಳುವುದು ಆಫೀಸಿನಲ್ಲಲ್ಲ, ಕ್ಯಾಂಟೀನಿನಲ್ಲಿ ಸಿಗುವ ಸೀನಿಯರ್‌ಗಳನ್ನು. ಕೊನೆಗೆ ಅವಳೇ ಒಂದು ಸೇರಿಸಿದಳು: "ನಮ್ಮ ಜಾತಿ ಗೊತ್ತಾದ ಮೇಲೂ ಜೊತೆಗೆ ಊಟಕ್ಕೆ ಕೂರ್ತಾರಾ?"

ಅದನ್ನು ಯಾರನ್ನು ಕೇಳುವುದೋ ನನಗೆ ಹೊಳೆಯಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸು.